ಸುರಪುರದ ‘ಅಪ್ಪಾ’ನಿಗೆ ಯಾವ ವೇಷ?

ನಮ್ಮ ಸಿನಿಮಾಗಳ ಬ್ರಿಟಿಷ್ ಸಾಹೇಬ ಹೇಗಿರುತ್ತಾನೆಂದು ನಿಮಗೆಲ್ಲ ಗೊತ್ತೇ ಇದೆ. ಕೆಂಪು ಕೋಟು, ಕೈಯಲ್ಲಿ ಚಾಟಿ, ‘ಟುಮ್ಮನ್ನು ಬಿಡೋಡಿಲ್ಲ’ ಅನ್ನುವ ಕನ್ನಡ. ಹೋದ ತಿಂಗಳು ಸುರಪುರದ ಸೋದರತ್ತಿ ಮನೆಯಲ್ಲಿ ಟೀವಿಯೊಳಗೆ ಅಂಥವನೊಬ್ಬ ಅಬ್ಬರಿಸುತ್ತಿದ್ದ. ಅತ್ತಿ ಶೇಂಗಾ ಸುಲಿಯುತ್ತ ಅಂದಳು: “ನಮ್ಮ ಟೇಲರ್ ಸಾಹೇಬ ಹಿಂಗ ಇರಲಿಲ್ಲ ಬಿಡು. ಅವಂದೊಂದು ಸಿನಿಮಾ ಯಾರರ ತಗದ್ರ ಚಂದ ಇರ್ತದ ನೋಡು.”

ಅಂದಿನಿಂದ ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹದಿನೈದರ ಹುಡುಗನಾಗಿ ಹಡಗು ಹತ್ತಿ ಬಂದವನು ಕೊನೆಗೆ ಸೇರಿದ್ದು ಕಂಪನಿ ಸರ್ಕಾರದ ಕೆಲಸಕ್ಕಲ್ಲ, ಹೈದರಾಬಾದ್ ನಿಜಾಮನ ಚಾಕರಿಗೆ. ಸಿನಿಮಾದವರು ಮೊದಲು ಎಡವುವುದು ಇಲ್ಲೇ. 1841ರಲ್ಲಿ ಸುರಪುರಕ್ಕೆ ಬಂದು, ಎಳೆಯ ರಾಜ ವೆಂಕಟಪ್ಪ ನಾಯಕ ದೊಡ್ಡವನಾಗುವ ತನಕ, 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನು ಕಟ್ಟಿಸಿದ ಬಂಗಲೆ. ಬಾಲರಾಜ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ. ಹಾಗೆಂದು ಬರೆದವನೂ ಟೇಲರೇ, ಅದನ್ನು ಮರೆಯಬಾರದು.

ಅವನ ಹೆಂಡತಿ ಮೇರಿಯನ್ನು ಬೆಳ್ಳಗಿನ, ಬೀಸಣಿಗೆ ಹಿಡಿದ ಮೇಮ್‌ಸಾಹೇಬಳಂತೆ ತೋರಿಸಿದರೂ ತಪ್ಪೇ. ಆಕೆ ಹೈದರಾಬಾದಿನ ಬ್ಯಾಂಕರ್ ವಿಲಿಯಂ ಪಾಮರನ ಮಗಳು. ಪಾಮರನ ತಾಯಿ ಈ ನೆಲದ ಮುಸ್ಲಿಂ ಮನೆತನದವಳು. ಹಿಂದೂಸ್ತಾನಿ ಟೇಲರನಿಗೆ ನೀರು ಕುಡಿದಷ್ಟು ಸಲೀಸು. ಹಾಗಾದರೆ ಆ ‘ಟುಮ್ಮನ್ನು’ ಎಲ್ಲಿಂದ ಬಂತು? ಅದು ಸಿನಿಮಾದವರೇ ಹುಟ್ಟಿಸಿದ ಭಾಷೆ.

ಹೊರದೇಶದ ಸಿನಿಮಾಗಳಿಗೂ ಟೇಲರನಿಗೂ ಒಂದು ನಂಟಿದೆ. 1839ರಲ್ಲಿ ಅವನು ಬರೆದ ಠಗ್ಗರ ಕಾದಂಬರಿ ಇಂಗ್ಲಿಷ್ ಓದುಗರಲ್ಲಿ ಭಾರತದ ಠಗ್ಗರ ಹುಚ್ಚು ಹಿಡಿಸಿತು. ಆ ಹುಚ್ಚು 1984ರ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’, 1988ರ ‘ದಿ ಡಿಸೀವರ್ಸ್’ ತನಕ ಇಳಿದಿಲ್ಲ. ಮೊದಲನೆಯದಂತೂ ಭಾರತದ ಕಥೆ ಹೇಳುತ್ತ ಶ್ರೀಲಂಕಾದಲ್ಲಿ ಚಿತ್ರೀಕರಣಗೊಂಡಿತು. ಅಲ್ಲಿನ ಊಟದ ದೃಶ್ಯ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ!

ನಮ್ಮವರದೂ ತಪ್ಪಿಲ್ಲವೆಂದಲ್ಲ. 1961ರಲ್ಲಿ ಬಿ.ಆರ್. ಪಂತುಲು ‘ಕಿತ್ತೂರು ಚೆನ್ನಮ್ಮ’ ತೆಗೆದಾಗ ಬಿ. ಸರೋಜಾದೇವಿ ಅವರ ಮಾತಿನ ಠೇಂಕಾರಕ್ಕೆ ಜನ ಎದ್ದು ನಿಂತರು. ನಾನೂ ಇವತ್ತಿಗೂ ಎದ್ದು ನಿಲ್ಲುವವಳೇ. ಆದರೆ ಅದು ನಾಟಕ ಕಂಪನಿಯ ಕನ್ನಡ, ಕಿತ್ತೂರಿನ ಕನ್ನಡವಲ್ಲ. ಸುರಪುರದ ಸಿನಿಮಾ ಬಂದರೆ ರಾಜ ‘ಏನಾಗಬೇಕಿತ್ತು?’ ಅನ್ನಬಾರದು, ‘ಏನ್ ಆಗ್ಬೇಕಿತ್ರಿ?’ ಅನ್ನಬೇಕು. ಉರ್ದು, ತೆಲುಗು, ಮರಾಠಿಯೂ ನಡುನಡುವೆ ನುಸುಳಲಿ. ನಮ್ಮ ಸಂತೆಯಲ್ಲಿ ಇವತ್ತಿಗೂ ಹಂಗೇ ಅದ.

ನೆಲವನ್ನೂ ನೋಡಿ ತೋರಿಸಬೇಕು. ಈಗ ಶಹಾಪುರ, ಸುರಪುರದ ಸುತ್ತ ಕಣ್ಣು ಹಾಯಿಸಿದಷ್ಟು ಭತ್ತದ ಗದ್ದೆ. ಅದು ನಾರಾಯಣಪುರ ಅಣೆಕಟ್ಟಿನ ಕಾಲುವೆ ನೀರು ಬಂದ ಮೇಲಿನ ಹಸಿರು. ಟೇಲರನ ಕಾಲಕ್ಕೆ ಜೋಳ, ಹತ್ತಿಯ ಎರೆಹೊಲ ಬೇಕು. ಯಾದಗಿರಿಯ ಕೋಟೆಯ ಹಿಂದೆ ಹೊಗೆಬಂಡಿ ಓಡಿಸುವ ಆಸೆಯನ್ನೂ ಬಿಡಬೇಕು. ಮುಂಬೈ–ಮದ್ರಾಸ್ ಹಳಿ ಕೂಡಿದ್ದೇ 1871ರಲ್ಲಿ. ಆದರೆ ಶಹಾಪುರದ ಬುದ್ಧ ಮಲಗಿದ ಬೆಟ್ಟ ಅಂದೂ ಹೀಗೇ ಮಲಗಿತ್ತು. ವಿಭೂತಿಹಳ್ಳಿಯಲ್ಲಿ ಸಾಲಾಗಿ ನಿಲ್ಲಿಸಿದ ಬೃಹತ್ ಶಿಲಾಯುಗದ ಬಂಡೆಗಳೂ ಇದ್ದವು. ಅವುಗಳ ಬಗ್ಗೆ ಬರೆದವರಲ್ಲಿ ಟೇಲರ್ ಮೊದಲಿಗ. ಉರಿಬಿಸಿಲಲ್ಲಿ ಸಾಹೇಬನೊಬ್ಬ ಆ ಕಲ್ಲುಗಳನ್ನು ಎಣಿಸುತ್ತ ನಿಂತಿರುವುದು, ಕುರಿ ಕಾಯುವವರು ಅವನನ್ನೇ ನೋಡುತ್ತಿರುವುದು: ನನಗಂತೂ ಸಿನಿಮಾ ಇಲ್ಲಿಂದಲೇ ಶುರುವಾಗಬೇಕು.

ಕಷ್ಟ ಇರುವುದು ಕೊನೆಯಲ್ಲಿ. 1858ರ ಫೆಬ್ರವರಿಯಲ್ಲಿ ಸುರಪುರ ಬಂಡೆದ್ದಿತು. ಆಗ ಟೇಲರ್ ಇಲ್ಲಿರಲಿಲ್ಲ. ರಾಜನಿಗೆ ಇಪ್ಪತ್ತನಾಲ್ಕರ ಆಸುಪಾಸು, ದಯವಿಟ್ಟು ಐವತ್ತರ ಹೀರೋಗೆ ಮೀಸೆ ಅಂಟಿಸಬೇಡಿ. ಸೋತ ಮೇಲೆ ಹೈದರಾಬಾದಿಗೆ ಹೋದ ರಾಜ ಅಲ್ಲಿ ಸೆರೆಸಿಕ್ಕ. ಟೇಲರ್ ಅವನನ್ನು ಬಂದೀಖಾನೆಯಲ್ಲಿ ಕಂಡ. ಮರಣದಂಡನೆ ಹೋಗಿ ಕೆಲ ವರ್ಷದ ಸೆರೆವಾಸವೆಂದಾಯಿತು. ಚೆಂಗಲ್ಪಟ್ಟಿಗೆ ಕರೆದೊಯ್ಯುವಾಗ, ದಾರಿಯಲ್ಲಿ, ಗುಂಡೇಟಿಗೆ ರಾಜ ಸತ್ತ. ತಾನೇ ಹೊಡೆದುಕೊಂಡ ಎಂಬುದು ಸರ್ಕಾರದ ಕಾಗದ. ಟೇಲರನ ಆತ್ಮಕಥೆಯೂ ಅದನ್ನೇ ಹೇಳುತ್ತದೆ. ನಮ್ಮೂರ ಹಿರಿಯರು ಒಪ್ಪುವುದಿಲ್ಲ, ಕೊಂದರು ಅಂತಾರೆ.

ಸಿನಿಮಾ ತೆಗೆಯುವವನು ಯಾರ ಮಾತು ಕೇಳಬೇಕು? ಪುಸ್ತಕ ಬರೆದವನು ಒಬ್ಬನೇ ‘ಅಪ್ಪಾ’. ಮಗನ ಕಡೆಯಿಂದ ಆತ್ಮಕಥೆ ಬಂದಿಲ್ಲವಲ್ಲ. ಅತ್ತಿಗೆ ನಾನು ಹೇಳಿದೆ: ಕ್ಯಾಮೆರಾ ದೂರ ಇಟ್ಟು, ಡೇರೆಯ ಹೊರಗಿನಿಂದ ಸದ್ದಷ್ಟೇ ಕೇಳಿಸಿದರೆ ಹೇಗೆ? ಬಂದೂಕು ಯಾರ ಕೈಯಲ್ಲಿತ್ತೆಂದು ತೋರಿಸದೆ?

ಅತ್ತಿ ಶೇಂಗಾದ ಮೊರ ಬದಿಗಿಟ್ಟಳು. “ಹಂಗ ಮಾಡಿದ್ರ ಇಲ್ಲಿ ಮಂದಿ ಸುಮ್ನ ಕೂಡೂದಿಲ್ಲ,” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ನಾ ಅಂತೂ ನೋಡ್ತೀನಿ.”