ಮರಳ ದ್ವೀಪಕ್ಕೆ ಅಷ್ಟಮಿಯ ಪಯಣ

ಬ್ರಿಸ್ಬೇನಿನಲ್ಲಿರುವ ಅಕ್ಕನ ಅಡುಗೆಮನೆಯಲ್ಲಿ ಎರಡು ಕ್ಯಾಲೆಂಡರುಗಳಿವೆ. ಒಂದು, ತಿಥಿ, ನಕ್ಷತ್ರ, ರಾಹುಕಾಲಗಳನ್ನು ತೋರಿಸುವ ಗೋಡೆ ಕ್ಯಾಲೆಂಡರ್. ಮೈಸೂರಿನಿಂದ ಅಮ್ಮ ಪ್ರತಿ ವರ್ಷ ತಪ್ಪದೆ ಕಳಿಸುತ್ತಾರೆ. ಇನ್ನೊಂದು, ಭಾವ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿರುವ ಸಮುದ್ರದ ಉಬ್ಬರ ಇಳಿತಗಳ ವೇಳಾಪಟ್ಟಿ. 2024ರ ಸೆಪ್ಟೆಂಬರಿನಲ್ಲಿ ನಾನು ಮಗಳೊಂದಿಗೆ ಅಲ್ಲಿಗೆ ಹೋದಾಗ ಈ ಎರಡೂ ಕ್ಯಾಲೆಂಡರುಗಳ ನಡುವೆ ಸಣ್ಣದೊಂದು ಯುದ್ಧವೇ ನಡೆಯಿತು.

ಅಲ್ಲಿಯ ಶಾಲೆಗಳಿಗೆ ಆಗ ಎರಡು ವಾರ ರಜೆ. ಒಂಬತ್ತು ವರ್ಷದ ಅಕ್ಕನ ಮಗ, ಒಂಬತ್ತನೇ ತರಗತಿಯ ನನ್ನ ಮಗಳು, ನಾವು ಮೂವರು ದೊಡ್ಡವರು ಸೇರಿ ಗಾರಿ ದ್ವೀಪದಲ್ಲಿ ನಾಲ್ಕು ರಾತ್ರಿ ಡೇರೆ ಹಾಕಿಕೊಂಡು ಇರುವುದೆಂದು ನಿಶ್ಚಯವಾಗಿತ್ತು. ಹೊರಡುವ ದಿನ ಕೇಳಿ ಅಮ್ಮ ಫೋನಿನಲ್ಲೇ ಗಾಬರಿಯಾದರು. "ಅಳಿಯಂದ್ರೇ, ಪಿತೃಪಕ್ಷ, ಅದರ ಮೇಲೆ ಅಷ್ಟಮಿ. ಮಕ್ಕಳನ್ನ ಕಟ್ಕೊಂಡು ಸಮುದ್ರದ ಮಧ್ಯಕ್ಕೆ ಹೊರಡೋ ದಿನವೇ ಇದು?"

"ಅತ್ತೆ, ಸಮುದ್ರ ಸ್ವಲ್ಪ ಸಮಾಧಾನವಾಗಿರೋದೇ ಅಷ್ಟಮಿ, ನವಮಿಗೆ" ಎಂದರು ಭಾವ. ಅಮ್ಮನನ್ನು ಸುಮ್ಮನಾಗಿಸಲು ಹೇಳಿದ ಮಾತೆಂದುಕೊಂಡೆ. ಅಲ್ಲ, ಅದು ಶಾಲೆಯ ಭೂಗೋಳ ಪಾಠದಲ್ಲೇ ಇದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ. ಇಬ್ಬರೂ ಸೇರಿ ನೀರನ್ನು ಎಳೆಯುವುದರಿಂದ ಉಬ್ಬರ ಬಹಳ ಎತ್ತರಕ್ಕೇರುತ್ತದೆ. ಅಷ್ಟಮಿಯ ಹೊತ್ತಿಗೆ ಸೂರ್ಯ ಒಂದು ಕಡೆ, ಚಂದ್ರ ಅದಕ್ಕೆ ಲಂಬವಾಗಿ ಇನ್ನೊಂದು ಕಡೆ ಎಳೆಯುವುದರಿಂದ, ಅದಾದ ಒಂದೆರಡು ದಿನಗಳಲ್ಲಿ ಉಬ್ಬರದ ಎತ್ತರ ಕಡಿಮೆ. ಅಮ್ಮನಿಗೆ ಸಮಾಧಾನವಾಗಲಿಲ್ಲ, ಆದರೆ ಮೊದಲ ವಾರ ಡೇರೆಯ ಜಾಗಗಳೆಲ್ಲ ಭರ್ತಿಯಾಗಿದ್ದುದರಿಂದ ನಮಗೂ ಬೇರೆ ದಾರಿಯಿರಲಿಲ್ಲ. ಶಾಲಾ ರಜೆಯಲ್ಲಿ ಆ ದ್ವೀಪಕ್ಕೆ ಹೋಗುವವರು ತಿಂಗಳುಗಟ್ಟಲೆ ಮುಂಚೆ ಡೇರೆಗೊಂದು, ವಾಹನಕ್ಕೊಂದು ಪರವಾನಗಿ ಮಾಡಿಸಿಟ್ಟುಕೊಳ್ಳುತ್ತಾರೆ.

ಈ ಗಾರಿ ದ್ವೀಪ ಎಲ್ಲಿದೆ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕರಾವಳಿಗೆ ಅಂಟಿಕೊಂಡಂತೆ, ಬ್ರಿಸ್ಬೇನಿನಿಂದ ಉತ್ತರಕ್ಕೆ. ಉದ್ದ 120 ಕಿಲೋಮೀಟರಿಗೂ ಹೆಚ್ಚು. ಜಗತ್ತಿನ ಅತಿ ದೊಡ್ಡ ಮರಳ ದ್ವೀಪ ಇದು. ನಾವು ಶಾಲೆಯಲ್ಲಿ ಓದಿದ್ದು ಫ್ರೇಸರ್ ದ್ವೀಪ ಎಂದು. 1836ರಲ್ಲಿ ಹಡಗೊಡೆದು ಇಲ್ಲಿ ಸಿಕ್ಕಿಕೊಂಡ ಕಪ್ತಾನ ಫ್ರೇಸರ್ ಮತ್ತು ಅವನ ಹೆಂಡತಿ ಎಲಿಜಾಳಿಂದ ಬಂದ ಹೆಸರದು. 2023ರ ಜೂನ್‌ನಲ್ಲಿ ದ್ವೀಪಕ್ಕೆ ಮೂಲನಿವಾಸಿಗಳಾದ ಬುಚುಲ್ಲಾ ಜನರ ಹಳೆಯ ಹೆಸರೇ ಅಧಿಕೃತವಾಗಿ ಮರಳಿತು. ಇಂಗ್ಲಿಷಿನಲ್ಲಿ ಬರೆಯುವಾಗ ಮುಂದೊಂದು 'ಕೆ' ಅಕ್ಷರ ಇರುತ್ತದೆ, ಆದರೆ ಉಚ್ಚಾರ 'ಗಾರಿ' ಎಂದಷ್ಟೇ. ಸ್ವರ್ಗ ಎಂದು ಅರ್ಥವಂತೆ. 1992ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿಯ ಕಲ್ಲುಕಂಬಗಳನ್ನು ನೋಡಿರುತ್ತೀರಿ. ಅದು ಲಾವಾರಸ ಆರಿ ಆದ ದ್ವೀಪ. ಗಾರಿಯಲ್ಲಿ ಬೆರಳೆಣಿಕೆಯಷ್ಟು ಬಂಡೆಗಳನ್ನು ಬಿಟ್ಟರೆ ಉಳಿದುದೆಲ್ಲ ಮರಳು. ದಕ್ಷಿಣದ ನದಿಗಳು ಸಮುದ್ರಕ್ಕೆ ತಂದು ಸುರಿದ ಮರಳನ್ನು ಅಲೆಗಳು ಲಕ್ಷಾಂತರ ವರ್ಷಗಳಿಂದ ಉತ್ತರಕ್ಕೆ ತಳ್ಳುತ್ತ ಬಂದು ಇಲ್ಲಿ ರಾಶಿ ಹಾಕಿವೆ. ಕೆಲವು ದಿಬ್ಬಗಳು 200 ಮೀಟರಿಗಿಂತ ಎತ್ತರ. ಆಶ್ಚರ್ಯವೆಂದರೆ ಈ ಬರಿ ಮರಳಿನ ಮೇಲೆ ದಟ್ಟವಾದ ಮಳೆಕಾಡು ಬೆಳೆದಿದೆ, ನೂರಕ್ಕೂ ಹೆಚ್ಚು ಸಿಹಿನೀರಿನ ಸರೋವರಗಳಿವೆ. ಮರಳಿನಲ್ಲಿ ನೀರು ನಿಲ್ಲುವುದು ಹೇಗೆ? ಕೊಳೆತ ಎಲೆ, ತೊಗಟೆಗಳ ಸತ್ವ ಮರಳಿನೊಂದಿಗೆ ಕಲೆತು ಗಟ್ಟಿಯಾಗಿ, ನೀರು ಇಂಗದಂಥ ಪದರ ಕಟ್ಟುತ್ತದೆ. ದಿಬ್ಬಗಳ ನಡುವೆ ಎತ್ತರದಲ್ಲಿ ತೂಗಿಟ್ಟ ಬಟ್ಟಲಿನಂತೆ ಮಳೆನೀರು ಅದರಲ್ಲಿ ನಿಲ್ಲುತ್ತದೆ. ವಾಬಿ ಎಂಬ ಸರೋವರದ ಒಂದು ದಡವನ್ನಂತೂ ಗಾಳಿಗೆ ಸರಿಯುತ್ತಿರುವ ಮರಳದಿಬ್ಬ ಮೆಲ್ಲಮೆಲ್ಲನೆ ನುಂಗುತ್ತಿದೆ. ತಲಕಾಡನ್ನು ಕಂಡ ನಮಗೆ ಇದೇನೂ ಹೊಸತಲ್ಲ.

ಇಂಥ ಕಡೆ ಹೋಗುವುದಕ್ಕೆ ಸಿದ್ಧತೆ ಎಂದರೆ ಮೊದಲಿಗೆ ಗಡಿಯಾರದ ಲೆಕ್ಕ. ದ್ವೀಪದಲ್ಲಿ ಡಾಂಬರು ರಸ್ತೆಗಳ ಜಾಲವಿಲ್ಲ. ಪೂರ್ವದ ಎಪ್ಪತ್ತೈದು ಮೈಲಿ ಕಡಲತೀರವೇ ಹೆದ್ದಾರಿ! ಗಂಟೆಗೆ 80 ಕಿಲೋಮೀಟರ್ ವೇಗಮಿತಿ, ಸಂಚಾರ ನಿಯಮ ಎಲ್ಲ ಉಂಟು. ಪುಟ್ಟ ವಿಮಾನಗಳೂ ಅದೇ ತೀರದಲ್ಲಿ ಇಳಿಯುತ್ತವೆ. ಆದರೆ ಉಬ್ಬರ ಬಂದರೆ ಹೆದ್ದಾರಿ ನೀರಿನೊಳಗೆ. ಹಾಗಾಗಿ ಉಬ್ಬರದ ಹಿಂದೆ ಎರಡು ಗಂಟೆ, ಮುಂದೆ ಎರಡು ಗಂಟೆ ಅಲ್ಲಿ ಗಾಡಿ ಓಡಿಸಬಾರದು ಎಂಬುದು ಎಲ್ಲರೂ ಪಾಲಿಸುವ ನಿಯಮ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇಂದು ಮಧ್ಯಾಹ್ನ ಎರಡಕ್ಕೆ ಉಬ್ಬರವಿದ್ದರೆ ನಾಳೆ ಎರಡು ಐವತ್ತರ ಆಸುಪಾಸಿಗೆ. ಭಾವ ಈ ಲೆಕ್ಕವನ್ನು ನನ್ನ ಮಗಳಿಗೆ ಒಪ್ಪಿಸಿಬಿಟ್ಟರು. ಅವಳು ವೇಳಾಪಟ್ಟಿ ನೋಡಿ ಐದು ದಿನಕ್ಕೂ ಒಂದು ಹಾಳೆ ತಯಾರಿಸಿದಳು: ಯಾವಾಗ ಹೊರಡಬೇಕು, ಎಷ್ಟೊತ್ತಿಗೆ ತೀರ ಬಿಟ್ಟು ಮೇಲೆ ಬರಬೇಕು. ಗಣಿತವೆಂದರೆ ಮೂಗು ಮುರಿಯುವ ಹುಡುಗಿ ಎರಡು ಸಂಜೆ ಅದರಲ್ಲೇ ಮುಳುಗಿದ್ದಳು.

ಅಕ್ಕನದು ಒಂದೇ ಷರತ್ತು. "ಬೇಲಿ ಇಲ್ಲದ ಕಡೆ ಡೇರೆ ಹಾಕೋದಾದ್ರೆ ನಾನೂ ಬರಲ್ಲ, ನನ್ನ ಮಗನೂ ಬರಲ್ಲ."

ಅವಳ ಭಯಕ್ಕೆ ಕಾರಣ ಡಿಂಗೊ. ನೋಡಲು ನಮ್ಮ ಬೀದಿಯ ಕೆಂದುನಾಯಿಯಂತೆಯೇ ಇರುವ ಕಾಡುನಾಯಿ ಅದು. ಬುಚುಲ್ಲಾ ಜನ ವಂಗಾರಿ ಎನ್ನುತ್ತಾರೆ. 2001ರ ಏಪ್ರಿಲ್‌ನಲ್ಲಿ ಈ ದ್ವೀಪದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಡಿಂಗೊಗಳ ದಾಳಿಯಿಂದ ಸತ್ತ. ಆಮೇಲೆ ಸರ್ಕಾರ ಹಲವು ಡಿಂಗೊಗಳನ್ನು ಕೊಲ್ಲಿಸಿತು. ಪ್ರವಾಸಿಗರು ಪ್ರೀತಿಯಿಂದಲೋ ಫೋಟೋದ ಆಸೆಗೋ ತಿಂಡಿ ಎಸೆದು ಅವುಗಳ ಭಯ ಬಿಡಿಸುವುದೇ ಅನಾಹುತದ ಮೂಲ ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಡಿಂಗೊಗೆ ತಿನಿಸು ಕೊಟ್ಟರೆ, ಸಿಗುವಂತೆ ಬಿಟ್ಟರೂ, ಭಾರಿ ದಂಡ. ಮಕ್ಕಳು ಸದಾ ಕೈಗೆಟಕುವಷ್ಟು ಹತ್ತಿರವಿರಬೇಕು. ಎದುರಾದರೆ ಓಡಬಾರದು, ಮುಖ ಅದರ ಕಡೆಗೇ ಇಟ್ಟು ನಿಧಾನವಾಗಿ ಹಿಂದೆ ಸರಿಯಬೇಕು. ಅಕ್ಕನ ಮಗನಿಗೂ ಆಗ ಒಂಬತ್ತೇ ವರ್ಷ. ಭಾವ ಮರುಮಾತಾಡದೆ ಬೇಲಿ ಹಾಕಿದ ಎರಡು ಕಡೆ ಜಾಗ ಮಾಡಿಸಿದರು: ಕಡಲತೀರದ ಬಳಿಯ ಡುಂಡುಬರಾದಲ್ಲಿ ಎರಡು ರಾತ್ರಿ, ಕಾಡಿನ ನಡುವಿನ ಸೆಂಟ್ರಲ್ ಸ್ಟೇಷನ್‌ನಲ್ಲಿ ಎರಡು ರಾತ್ರಿ. ತೀರದ ಮೇಲೆಯೇ, ಅಲೆಯ ಸದ್ದಿನಲ್ಲಿ ಮಲಗುವ ಸುಖ ತಪ್ಪಿತೆಂದು ನನಗೆ ಒಳಗೊಳಗೇ ಬೇಸರವಾಗಿದ್ದು ನಿಜ.

ಊಟದ ಗಂಟು ಕಟ್ಟುವಾಗಲೂ ಡಿಂಗೊ ಎದುರಿಗೇ ಇತ್ತು. ಡೇರೆಯೊಳಗೆ ಒಂದು ಬಿಸ್ಕತ್ತೂ ಇರುವಂತಿಲ್ಲ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಚಪಾತಿ ಎಲ್ಲ ಬೀಗವಿರುವ ಪೆಟ್ಟಿಗೆಗೆ ಹೋಗಿ ಗಾಡಿಯೊಳಗೆ ಕುಳಿತವು. ತುಪ್ಪದ ಡಬ್ಬಿಯನ್ನು ಅಕ್ಕ ಮನೆಯಲ್ಲೇ ಬಿಟ್ಟಳು. ಕುಡಿಯುವ ನೀರು ತಲೆಗೆ ದಿನಕ್ಕೆ ಐದು ಲೀಟರಿನಂತೆ. ಕಸವನ್ನೂ ಕಟ್ಟಿಟ್ಟು ಭದ್ರಪಡಿಸಬೇಕು.

ಬೆಂಕಿ ಹಾಕಿ ಸುತ್ತ ಕೂರಬೇಕೆಂಬುದು ಮಕ್ಕಳ ಕನಸು. ಭಾವ ಆಗ 2020ರ ಕತೆ ಹೇಳಿದರು. ಆ ವರ್ಷದ ಅಕ್ಟೋಬರಿನಲ್ಲಿ ಯಾರೋ ನಿಯಮ ಮೀರಿ ಬೆಂಕಿ ಹಾಕಿ, ಹೋಗುವಾಗ ಅದರ ಮೇಲೆ ಮರಳು ಮುಚ್ಚಿ ಹೋದರು. ಮರಳು ಮುಚ್ಚಿದರೆ ಕೆಂಡ ಆರುವುದಿಲ್ಲ, ಬೂದಿ ಮುಚ್ಚಿದ ಒಲೆಯಂತೆ ಒಳಗೇ ಕಾಯುತ್ತಿರುತ್ತದೆ. ಅದೇ ಹೊರಗೆದ್ದು ಎರಡು ತಿಂಗಳು ಉರಿದು ದ್ವೀಪದ ಅರ್ಧದಷ್ಟು ಭಾಗವನ್ನು ಸುಟ್ಟಿತು. ಕೆಲವೇ ಶಿಬಿರಗಳಲ್ಲಿ, ಅದಕ್ಕೆಂದೇ ಕಟ್ಟಿದ ಬಳೆಯೊಳಗೆ ಮಾತ್ರ ಬೆಂಕಿಗೆ ಅವಕಾಶ. ನಾವು ಗ್ಯಾಸ್ ಸ್ಟೌ ಒಯ್ದೆವು.

ಬೆಳಗಿನ ಜಾವ ಮೂರಕ್ಕೆ ಮನೆ ಬಿಟ್ಟು ಏಳರ ಹೊತ್ತಿಗೆ ಇನ್‌ಸ್ಕಿಪ್ ಪಾಯಿಂಟ್ ತಲುಪಿದೆವು. ಅಲ್ಲಿಂದ ವಾಹನಗಳನ್ನು ಹೊತ್ತೊಯ್ಯುವ ಬಾರ್ಜಿನಲ್ಲಿ ಹತ್ತು ನಿಮಿಷ. 2025ರಲ್ಲಿ ಸೇತುವೆ ಆಗುವವರೆಗೆ ಸಿಗಂದೂರಿಗೆ ಇದ್ದ ಲಾಂಚ್ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಹತ್ತುವ ಮೊದಲೇ ಭಾವ ನಾಲ್ಕೂ ಟೈರುಗಳ ಗಾಳಿಯನ್ನು 36 ಪೌಂಡಿನಿಂದ 20ಕ್ಕೆ ಇಳಿಸಿದರು. ಮಗಳಿಗೆ ದಿಗಿಲು. ಆದರೆ ಗಾಳಿ ಇಳಿದಷ್ಟೂ ಟೈರು ಚಪ್ಪಟೆಯಾಗಿ ಹೆಚ್ಚು ಜಾಗದ ಮೇಲೆ ಕೂರುತ್ತದೆ, ಅದೇ ಭಾರ ಹೆಚ್ಚು ಮರಳಿನ ಮೇಲೆ ಹಂಚಿಹೋಗುತ್ತದೆ, ಚಕ್ರ ಹೂಳುವುದಿಲ್ಲ. ಒಂಟೆಯ ಪಾದ ಅಗಲವಾಗಿರುವುದೂ ಇದಕ್ಕೇ. "ಒತ್ತಡ ಅಂದ್ರೆ ಬಲ ಭಾಗಿಸು ವಿಸ್ತೀರ್ಣ, ನಮ್ಮ ಪುಸ್ತಕದಲ್ಲಿದೆ" ಎಂದಳು ಆಮೇಲೆ.

ಮೊದಲ ದಿನ ಎಲ್ಲ ಹಾಳೆಯಲ್ಲಿದ್ದಂತೆಯೇ ನಡೆಯಿತು. ಎರಡನೆಯ ದಿನ ಬೆಳಿಗ್ಗೆ ಮಹೆನೊ ನೋಡಿದೆವು. 1935ರಲ್ಲಿ ಗುಜರಿಗೆಂದು ಜಪಾನಿಗೆ ಎಳೆದೊಯ್ಯುತ್ತಿದ್ದಾಗ ಚಂಡಮಾರುತಕ್ಕೆ ಸಿಕ್ಕಿ ಇಲ್ಲಿ ಬಂದು ಬಿದ್ದ ಹಡಗು, ಈಗ ತುಕ್ಕಿನ ಅಸ್ಥಿಪಂಜರ. ಅಲ್ಲಿಂದ ಎಲೈ ಕ್ರೀಕ್. ಗಂಟೆಗೆ ನಲವತ್ತು ಲಕ್ಷ ಲೀಟರಿನವರೆಗೆ ನೀರನ್ನು ಸಮುದ್ರಕ್ಕೆ ಹರಿಸುವ, ತಿಳಿಯಾದ ತಣ್ಣನೆ ತೊರೆ. ಶಾರ್ಕುಗಳ, ವಿಷದ ಲೋಳೆಮೀನುಗಳ, ಸೆಳೆತದ ಕಾಟದಿಂದ ಅಲ್ಲಿಯ ಸಮುದ್ರಕ್ಕೆ ಮಕ್ಕಳನ್ನು ಇಳಿಸುವಂತಿಲ್ಲ. ಹಿಂದಿನ ದಿನವಿಡೀ ಕಡಲು ನೋಡುತ್ತ ಕಾಲು ಬಡಿದಿದ್ದ ಹುಡುಗ ತೊರೆ ಕಂಡೊಡನೆ ಮೀನಾದ. ಟ್ಯೂಬಿನ ಮೇಲೆ ಕೂತು ತೇಲುತ್ತ ಬರುವುದು, ಮರದ ಹಾದಿಯಲ್ಲಿ ಮೇಲೆ ಓಡುವುದು, ಮತ್ತೆ ತೇಲುವುದು. ಅಕ್ಕ ಜೊತೆಯಲ್ಲೇ ಓಡಿ ಓಡಿ ಸುಸ್ತಾದಳು.

ಅಂದು ಉಬ್ಬರ ಮೂರರ ಸುಮಾರಿಗೆ. ಹಾಳೆಯಲ್ಲಿ "12.30ಕ್ಕೆ ಹೊರಡಬೇಕು" ಎಂದಿತ್ತು. "ದೊಡ್ಡಪ್ಪ, ಹನ್ನೆರಡೂವರೆ ಆಯ್ತು" ಎಂದು ಮಗಳು ಹೇಳಿದಳು. ಭಾವ ನೀರಿನಲ್ಲಿದ್ದರು. "ಇನ್ನೊಂದು ಸುತ್ತು ಅಷ್ಟೇ" ಎಂದರು. ಹನ್ನೆರಡೂ ಮುಕ್ಕಾಲಿಗೆ ಮತ್ತೆ ಹೇಳಿದಳು. ಆಗ ನಾನೇ, "ಸುಮ್ನಿರೇ, ದೊಡ್ಡವರಿಗೆ ಗೊತ್ತಿರುತ್ತೆ" ಎಂದು ಗದರಿದೆ. ಹೊರಟಾಗ ಒಂದೂ ಕಾಲು.

ಬೆಳಿಗ್ಗೆ ಅಗಲವಾಗಿದ್ದ ಹೆದ್ದಾರಿ ಆಗಲೇ ಪಟ್ಟಿಯಂತಾಗಿತ್ತು. ಎರಡು ಸಲ ಅಲೆಯ ನೊರೆ ಚಕ್ರದಡಿಗೆ ಬಂತು. ಅರ್ಧ ದಾರಿಯೂ ಹೋಗಿರಲಿಲ್ಲ, ಎದುರಿಗೆ ಸಣ್ಣ ತೊರೆಯೊಂದು ಮರಳು ಕೊರೆದು ಮೊಣಕಾಲೆತ್ತರದ ಅಂಚು ಮಾಡಿಟ್ಟಿತ್ತು. ಬೆಳಿಗ್ಗೆ ಅದರ ಕೆಳಗಿನಿಂದ ದಾಟಿದ್ದೆವು; ಈಗ ಅಲ್ಲಿ ಸಮುದ್ರವಿತ್ತು. ಒಂದು ಕಡೆ ದಿಬ್ಬ, ಇನ್ನೊಂದು ಕಡೆ ನೀರು. ಭಾವ ಇಳಿದು ನಡೆದು ನೋಡಿ ಬಂದರು. ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಇಂಥ ಕಡೆ ನುಗ್ಗಿ ಸಿಕ್ಕಿಕೊಂಡ ಗಾಡಿಗಳನ್ನು ಉಬ್ಬರ ಒಳಗೆಳೆದುಕೊಂಡ ಕತೆಗಳನ್ನು ನಾವೆಲ್ಲ ಕೇಳಿದ್ದೆವು. ದಾಟಿದರೆ ಇಪ್ಪತ್ತು ನಿಮಿಷದಲ್ಲಿ ಡೇರೆ, ಬಿಸಿ ಅನ್ನ. ಭಾವ ಒಂದು ಸಲ ಹುಡುಗನ ಮುಖ ನೋಡಿದರು, ಗಾಡಿ ಹಿಂದಕ್ಕೆ ತಿರುಗಿಸಿದರು. ಸ್ವಲ್ಪ ಹಿಂದೆ ದಿಬ್ಬದ ಕಡೆಗೆ ಹತ್ತುವ ದಾರಿಯಿತ್ತು. ನೀರು ಮುಟ್ಟದಷ್ಟು ಎತ್ತರಕ್ಕೇರಿಸಿ ನಿಲ್ಲಿಸಿದರು.

ಅಲ್ಲಿ ಐದು ಗಂಟೆಯವರೆಗೆ ಕೂತೆವು. ತಿನ್ನಲು ಅವಲಕ್ಕಿ. ಹುಡುಗ ಸ್ವಲ್ಪ ಅತ್ತು, ಆಮೇಲೆ ನಿದ್ದೆ ಹೋದ. ಡಿಂಗೊ ಒಂದು ಕೆಳಗಿನ ತೀರದಲ್ಲಿ ನೀರಿನಂಚಿಗೇ ನಡೆದುಹೋಯಿತು, ನಮ್ಮ ಕಡೆ ತಲೆಯನ್ನೂ ತಿರುಗಿಸಲಿಲ್ಲ. ಆದರೂ ಯಾರೂ ಬಾಗಿಲು ತೆರೆಯಲಿಲ್ಲ. ನಾವು ನಿಂತಿದ್ದ ಹಾದಿ ಮೂರು ಗಂಟೆಗೆ ಪೂರ್ತಿ ನೀರು. ಅಷ್ಟಮಿ ಕಳೆದ ಮರುದಿನವೇ ಇಷ್ಟಾದರೆ ಹುಣ್ಣಿಮೆಯಲ್ಲಿ ಹೇಗೋ ಎಂದುಕೊಂಡೆ. "ತಪ್ಪು ನನ್ನದು ಪುಟ್ಟಿ" ಎಂದರು ಭಾವ ಮಗಳಿಗೆ. ನಾನೂ ಹೇಳಬೇಕಿತ್ತು, ಹೇಳಿದ್ದು ರಾತ್ರಿ. ಕತ್ತಲಾಗುವ ಹೊತ್ತಿಗೆ ಡುಂಡುಬರಾ ಸೇರಿ, ಟಾರ್ಚಿನ ಬೆಳಕಿನಲ್ಲಿ ತಣ್ಣನೆ ಚಪಾತಿ ತಿಂದು ಮಲಗಿದೆವು.

ಉಳಿದ ದಿನಗಳು ಸುಗಮವಾಗಿ ಕಳೆದವು. ಕಾಡಿನ ನಡುವೆ ಸದ್ದೇ ಇಲ್ಲದೆ ಮರಳಿನ ಮೇಲೆ ಹರಿಯುವ ವಂಗೂಲ್ಬಾ ತೊರೆ, ಸಕ್ಕರೆಯಂತೆ ಬಿಳಿ ಮರಳಿನ ಮೆಕೆಂಜಿ ಸರೋವರ. ಸೋಪು, ಮೈಗೆ ಹಚ್ಚುವ ಕ್ರೀಮು ಅದರೊಳಗೆ ಸೇರಬಾರದು; ಒಳಗೆ ಹರಿದು ತೊಳೆದುಕೊಂಡು ಹೋಗಲು ಅದಕ್ಕೆ ನದಿಯಿಲ್ಲ. ಮಗ ಒಂದು ಸೀಸೆ ಬಿಳಿ ಮರಳು ತುಂಬಿಕೊಂಡಿದ್ದ. ನಮ್ಮದಲ್ಲದ್ದನ್ನು ಮುಟ್ಟಬಾರದು, ಒಯ್ಯಬಾರದು ಎಂಬುದು ಬುಚುಲ್ಲಾ ಜನರ ಮೂರು ಕಟ್ಟಳೆಗಳಲ್ಲಿ ಒಂದು ಎಂದು ಭಾವ ಹೇಳಿದ ಮೇಲೆ, ಗೊಣಗುತ್ತಲೇ ಸುರಿದು ಬಂದ.

ಕೊನೆಯ ದಿನ ಬಾರ್ಜಿಗೆ ನಾವು ಎಷ್ಟೋ ಮುಂಚೆಯೇ ಬಂದು ನಿಂತಿದ್ದೆವು. ಎರಡನೆಯ ದಿನದ ರಾತ್ರಿ ಟಾರ್ಚ್ ಹಿಡಿದು, ಉಳಿದ ಮೂರು ದಿನಗಳ ಹೊರಡುವ ಸಮಯವನ್ನೆಲ್ಲ ಮುಕ್ಕಾಲು ಗಂಟೆ ಹಿಂದಕ್ಕೆ ತಿದ್ದಿಟ್ಟಿದ್ದೆ ಎಂದು ಮಗಳು ಬಾಯಿಬಿಟ್ಟಿದ್ದು ಬ್ರಿಸ್ಬೇನಿಗೆ ಬಂದಮೇಲೆ.