700 ಅಶ್ವಶಕ್ತಿ ಬಿಟ್ಟು 500ರ ಹಿಂದೆ ಬಿದ್ದವರು

2017ರಲ್ಲಿ ಪೋರ್ಷೆ ಎರಡು ಕಾರು ತೋರಿಸಿತು. ಒಂದು 911 ಜಿಟಿ2 ಆರ್‌ಎಸ್: 3.8 ಲೀಟರ್ ಎಂಜಿನ್, ಎರಡು ಟರ್ಬೊ, 700 ಅಶ್ವಶಕ್ತಿ. ಇನ್ನೊಂದು 911 ಜಿಟಿ3: 4 ಲೀಟರ್, ಟರ್ಬೊ ಇಲ್ಲ, 500 ಅಶ್ವಶಕ್ತಿ. ಎರಡೂ ನಂಬರ್ ಪ್ಲೇಟ್ ಹಾಕಿ ರಸ್ತೆಯಲ್ಲಿ ಓಡಿಸಬಹುದಾದ, ಆದರೆ ರೇಸ್ ಟ್ರ್ಯಾಕಿಗೆಂದೇ ಹದ ಮಾಡಿದ ಕಾರುಗಳು. ಲೆಕ್ಕ ಸರಳ ಅಲ್ವಾ? ಆದರೂ ಈ ಕಾರುಗಳ ಹುಚ್ಚು ಹಿಡಿದವರಲ್ಲಿ ಬಹಳ ಮಂದಿ, ಎಂಜಿನ್ ಅಂದ್ರೆ ಜಿಟಿ3ದೇ ಅಂತಾರೆ.

ದುಡ್ಡಿದ್ದವರ ಖಯಾಲಿ ಅಂತ ತಳ್ಳಿಹಾಕುವುದು ಸುಲಭ. ಎಂಜಿನಿಯರಿಂಗ್ ಓದಿದ ನನಗೆ ಹಾಗನ್ನಿಸಲ್ಲ. ಈ ವಾದದಲ್ಲಿ ಅರ್ಧ ಎಂಜಿನಿಯರಿಂಗ್ ಇದೆ, ಇನ್ನರ್ಧ ಭಕ್ತಿ. ಎರಡನ್ನೂ ಬಿಡಿಸಿ ನೋಡೋಣ.

ಟರ್ಬೊ ಯಾಕೆ ಬೇಡ?

ಎಂಜಿನ್ ಮೂಲತಃ ಒಂದು ಗಾಳಿ ಪಂಪು. ಒಳಗೆ ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಸುಡಬಹುದು. ಅದಕ್ಕೆ ಮುಖ್ಯವಾಗಿ ಮೂರು ದಾರಿ: ಎಂಜಿನ್ನನ್ನು ದೊಡ್ಡದು ಮಾಡುವುದು, ಹೊರಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ ಗಾಳಿಯನ್ನು ಒತ್ತಿ ತುಂಬುವುದು, ಇಲ್ಲವೇ ಎಂಜಿನ್ನನ್ನು ಇನ್ನಷ್ಟು ಜೋರಾಗಿ ತಿರುಗಿಸುವುದು. ಎರಡನೆಯದೇ ಟರ್ಬೊ. ಜಿಟಿ3 ನೆಚ್ಚಿಕೊಂಡಿರುವುದು ಮೂರನೆಯದನ್ನು.

ಅದರ ಎಂಜಿನ್ 9000 ಆರ್‌ಪಿಎಂ ತನಕ ಹೋಗುತ್ತೆ. ಅಂದರೆ ಸೆಕೆಂಡಿಗೆ 150 ಸುತ್ತು. ಪಿಸ್ಟನ್ ಪ್ರತಿ ಸುತ್ತಿನಲ್ಲೂ 81.5 ಮಿಲಿಮೀಟರ್ ಮೇಲೆ, ಅಷ್ಟೇ ಕೆಳಗೆ ಓಡಬೇಕು. ಗುಣಿಸಿದರೆ ಸರಾಸರಿ ವೇಗ ಸೆಕೆಂಡಿಗೆ ಸುಮಾರು 24.5 ಮೀಟರ್. ಅದೂ ಎರಡೂ ತುದಿಯಲ್ಲಿ ಪೂರ್ತಿ ನಿಂತು, ಮತ್ತೆ ಹೊರಟು. ಈ ಹೊಡೆತ ತಾಳುವ ಬಿಡಿಭಾಗ ಹಗುರವೂ ಇರಬೇಕು, ಗಟ್ಟಿಯೂ ಇರಬೇಕು. ಕಾರಿನ ಬೆಲೆಯ ಒಂದು ಪಾಲು ಹೋಗುವುದು ಇಲ್ಲಿಗೆ.

ಇದರಿಂದ ಸಿಗುವುದೇನು? ಬೋರ್‌ವೆಲ್ ಮೋಟರ್ ಸ್ವಿಚ್ ಹಾಕಿದ ಮೇಲೆ ನೀರು ಬರೋಕೆ ಒಂದು ಗಳಿಗೆ ಕಾಯಬೇಕು, ಬಂದಾಗ ರಭಸದಿಂದ ಬರುತ್ತೆ. ಟರ್ಬೊ ಹಾಗೆ. ಈಗಿನ ಟರ್ಬೊಗಳಲ್ಲಿ ಈ ತಡ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ತಿರುವಿನ ನಡುವೆ ಟೈರು ತನ್ನ ಹಿಡಿತದ ಕೊನೆಯಂಚಿನಲ್ಲಿರುವಾಗ ಚಾಲಕ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಒತ್ತುತ್ತಾನೆ. ಕೇಳಿದ್ದು ತಡವಾಗಿ, ಕೇಳಿದ್ದಕ್ಕಿಂತ ಜಾಸ್ತಿ ಬಂದರೆ ಹಿಂದಿನ ಚಕ್ರ ಜಾರುತ್ತೆ. ಟರ್ಬೊ ಇಲ್ಲದ ಎಂಜಿನ್ ಕೇಳಿದಾಗ, ಕೇಳಿದಷ್ಟು ಕೊಡುತ್ತೆ. ಅಭಿಮಾನಿಗಳ ವಾದದಲ್ಲಿ ಗಟ್ಟಿಯಾದ ಭಾಗ ಇದು.

ಮೆಟ್ಸ್‌ಗರ್ ಭಕ್ತಿ

ಭಕ್ತಿಯ ಭಾಗಕ್ಕೆ ಒಂದು ಹೆಸರಿದೆ: ಹಾನ್ಸ್ ಮೆಟ್ಸ್‌ಗರ್. ಪೋರ್ಷೆಯ ಪ್ರಸಿದ್ಧ ಎಂಜಿನಿಯರ್, 2020ರಲ್ಲಿ ತೀರಿಕೊಂಡರು. 1999ರ ಮೊದಲ ಜಿಟಿ3ಯಿಂದ 2011ರ ಜಿಟಿ3 ಆರ್‌ಎಸ್ 4.0 ತನಕ ಇದ್ದದ್ದು ಅವರ ಹೆಸರಿನ ಎಂಜಿನ್. 1998ರಲ್ಲಿ ಲೆ ಮಾನ್ಸ್ ಗೆದ್ದ 911 ಜಿಟಿ1 ರೇಸ್ ಕಾರಿನ ಎಂಜಿನ್ ವಂಶದ್ದೇ ಇದು. ಮುಂದಿನ ಜಿಟಿ3ಗೆ ಪೋರ್ಷೆ ಹೊಸ ಎಂಜಿನ್ ತಂದಾಗ ದೊಡ್ಡ ಗಲಾಟೆಯಾಯಿತು. 2014ರಲ್ಲಿ ಎರಡು ಕಾರು ಬೆಂಕಿಗೆ ಸಿಕ್ಕವು. ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲವಾಗಿದ್ದು ಕಾರಣ. ಕಂಪನಿ 785 ಕಾರುಗಳ ಎಂಜಿನ್ ಬದಲಿಸಿಕೊಟ್ಟಿತು. ನಾವು ಹೇಳಿರಲಿಲ್ವಾ ಅಂದರು ಭಕ್ತರು.

ಆದರೆ ಹಳೆಯದೂ ದೋಷವಿಲ್ಲದ್ದಲ್ಲ. ಆ ಎಂಜಿನ್ನಿನ ಕೂಲಂಟ್ ಪೈಪುಗಳ ಕೆಲವು ಜೋಡಣೆ ಅಂಟಿನದು. ಅದು ಬಿಟ್ಟುಕೊಂಡು ಟ್ರ್ಯಾಕಿನ ಮೇಲೆ ಕೂಲಂಟ್ ಚೆಲ್ಲಿದ ಪ್ರಕರಣಗಳಿವೆ. ಇತ್ತ, ಹೊಸ ಎಂಜಿನ್ನಿನ 4 ಲೀಟರ್ ರೂಪವೇ ಆಮೇಲೆ ಜಿಟಿ3 ಕಪ್ ರೇಸ್ ಕಾರಿಗೂ ಹೋಯಿತು. ಒಳ್ಳೆಯತನ ಇರುವುದು ಹೆಸರಲ್ಲಲ್ಲ, ವಿನ್ಯಾಸದ ತತ್ವದಲ್ಲಿ.

ಗಡಿಯಾರ ಏನು ಹೇಳುತ್ತೆ?

ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ 700 ಅಶ್ವಶಕ್ತಿಯ ಜಿಟಿ2 ಆರ್‌ಎಸ್ 6 ನಿಮಿಷ 47.3 ಸೆಕೆಂಡಿನಲ್ಲಿ ಸುತ್ತು ಮುಗಿಸಿತು. 500ರ ಜಿಟಿ3ಗೆ ಬೇಕಾಗಿದ್ದು 7 ನಿಮಿಷ 12.7 ಸೆಕೆಂಡು. ಅಂದರೆ ಟರ್ಬೊ ಕಾರೇ ವೇಗ. ವಾದ ಮುಗೀತು ಅನ್ನಬೇಡಿ. 2021ರ ಜಿಟಿ3ಗೆ ಹೆಚ್ಚು ಸಿಕ್ಕಿದ್ದು ಬರೀ 10 ಅಶ್ವಶಕ್ತಿ, ಆದರೆ ಅದೇ ಟ್ರ್ಯಾಕಿನಲ್ಲಿ 17 ಸೆಕೆಂಡಿಗೂ ಹೆಚ್ಚು ಸಮಯ ಉಳಿಸಿತು. ಅದು ಟೈರು, ಹೊಸ ಮುಂಭಾಗದ ಸಸ್ಪೆನ್ಷನ್, ಗಾಳಿಯನ್ನು ಬಳಸಿ ಕಾರನ್ನು ನೆಲಕ್ಕೊತ್ತುವ ರೆಕ್ಕೆಗಳ ಕೆಲಸ. ಸೆಕೆಂಡುಗಳೇ ಬೇಕಿದ್ದರೆ ಎಂಜಿನ್ ಒಂದೇ ದಾರಿಯಲ್ಲ ಅಂತಾಯಿತು.

ಹಾಗಾಗಿ ಟರ್ಬೊ ಇಲ್ಲದ ಎಂಜಿನ್ನನ್ನು ವೇಗದ ಹೆಸರಲ್ಲಿ ಸಮರ್ಥಿಸೋಕೆ ಹೋದರೆ ಅಭಿಮಾನಿಗಳು ಸೋಲುತ್ತಾರೆ. ಅದರ ನಿಜವಾದ ಗುಣ ಗಡಿಯಾರಕ್ಕೆ ಸಿಗುವಂಥದ್ದಲ್ಲ: ಕಾಲಿಗೂ ಚಕ್ರಕ್ಕೂ ನಡುವೆ ಯಾರೂ ಇಲ್ಲ ಅನ್ನೋ ಭಾವನೆ.

ಆ ಗುಣಕ್ಕೆ ಈಗ ಕತ್ತರಿ ಬೀಳುತ್ತಿದೆ. 2024ರಲ್ಲಿ ಬಂದ ಜಿಟಿ3ಯಲ್ಲಿ ಹೊಗೆಯ ನಿಯಮಕ್ಕಾಗಿ ಎರಡು ಕಣ ಶೋಧಕ, ನಾಲ್ಕು ಕ್ಯಾಟಲಿಟಿಕ್ ಕನ್ವರ್ಟರ್ ಇವೆ. ಶಕ್ತಿ 510ರಲ್ಲೇ ಉಳಿಯಿತು, ಟಾರ್ಕ್ 470ರಿಂದ 450 ನ್ಯೂಟನ್ ಮೀಟರಿಗೆ ಇಳಿಯಿತು. ಅದನ್ನು ಸರಿದೂಗಿಸಲು ಗೇರ್ ಅನುಪಾತ ಬದಲಿಸಿದರು. ಟರ್ಬೊ ಇದ್ದಿದ್ದರೆ ಒಂಚೂರು ಒತ್ತಡ ಏರಿಸಿ ನಷ್ಟ ತುಂಬಿಕೊಳ್ಳಬಹುದಿತ್ತು. ಇಲ್ಲಿ ಆ ಅವಕಾಶವಿಲ್ಲ.

ಇದಕ್ಕೆ ನಿಯಮವನ್ನು ಬೈಯುವ ಪೈಕಿ ನಾನಲ್ಲ. ಆ ಶೋಧಕ ಹಿಡಿಯುವ ಮಸಿ ಇಲ್ಲದಿದ್ದರೆ ಯಾರದೋ ಶ್ವಾಸಕೋಶಕ್ಕೆ ಹೋಗುತ್ತಿತ್ತು. ಆದರೆ ಇಂಥ ಎಂಜಿನ್ ಈಗ ಉಳಿದಿರುವುದು ಕೊಳ್ಳುವವರ ಹಟದಿಂದ ಮಾತ್ರ ಅನ್ನುವುದೂ ನಿಜ. 200 ಅಶ್ವಶಕ್ತಿ ಕಡಿಮೆ ಇದ್ದರೂ ಪರವಾಗಿಲ್ಲ, ಕೇಳಿದಷ್ಟೇ ಕೊಡುವ ಎಂಜಿನ್ ಬೇಕು ಅಂತ ಕೋಟಿ ಕೋಟಿ ಕೊಟ್ಟು ಹೇಳುವವರು ಇರೋ ತನಕ ಅದು ಇರುತ್ತೆ.