ಒಡ್ಯಾಣದ ಕೆಳಗಿನ ವೈದ್ಯ

ಕ್ರಿಸ್ತಪೂರ್ವ ಒಂದನೆಯ ಶತಮಾನದ ಸುಮಾರಿಗೆ ಚೀನಾದ ಇತಿಹಾಸಕಾರ ಸಿಮಾ ಚಿಯೆನ್ ಬರೆದು ಮುಗಿಸಿದ ಮಹಾಚರಿತ್ರೆಯಲ್ಲಿ ಬ್ಯೆನ್ ಚ್ಯುಯೆ ಎಂಬ ವೈದ್ಯಶಿಖಾಮಣಿಯ ವೃತ್ತಾಂತವುಂಟು. ಊರೂರು ಸಂಚರಿಸುತ್ತಿದ್ದ ಈತನು ಹಾನ್‌ದಾನ್ ನಗರಕ್ಕೆ ಬಂದಾಗ, ಅಲ್ಲಿಯವರು ಸ್ತ್ರೀಯರನ್ನು ಗೌರವದಿಂದ ಕಾಣುವರೆಂದು ಕೇಳಿ, ‘ಒಡ್ಯಾಣದ ಕೆಳಗಿನ ವೈದ್ಯ’ನಾಗಿ ನಿಂತನಂತೆ. ಸ್ತ್ರೀರೋಗಗಳ ಚಿಕಿತ್ಸಕನಾದನೆಂದು ಅದರ ತಾತ್ಪರ್ಯ. ಬಾಯಿಬಿಟ್ಟು ಆಡಲಾರದ ಬೇನೆಗೆ ಉಡಿಗೆ ತೊಡಿಗೆಗಳ ಮರೆಯನ್ನು ಹುಡುಕುವುದು ಚೀನೀಯರೊಬ್ಬರದೇ ರೂಢಿಯಲ್ಲ. ನಮ್ಮ ತಾಯಂದಿರೂ ‘ಬಿಳಿ ಸೆರಗು’ ಎಂದೇ ಹೇಳುತ್ತ ಬಂದಿಲ್ಲವೆ?

ಗರ್ಭಕೋಶ, ಅಂಡನಾಳ, ಅಂಡಾಶಯಗಳಿಗೆ ಸೋಂಕು ತಗಲಿ ಉಂಟಾಗುವ ಉರಿಯೂತಕ್ಕೆ ಚೀನಾದ ಹಳೆಯ ಗ್ರಂಥಗಳಲ್ಲಿ ಒಂದೇ ಹೆಸರಿಲ್ಲ. ಬಿಳುಪು ಹೋಗುವುದು, ಕಿಬ್ಬೊಟ್ಟೆಯ ನೋವು, ಹೊಟ್ಟೆಯೊಳಗಿನ ಗಂಟು, ಬಂಜೆತನ, ‘ರಕ್ತದ ಕೋಣೆಗೆ ಉಷ್ಣ ನುಗ್ಗುವುದು’ ಎಂಬ ಬೇರೆ ಬೇರೆ ತಲೆಬರಹಗಳ ಕೆಳಗೆ ಅದರ ಲಕ್ಷಣಗಳು ಚದುರಿಹೋಗಿವೆ. ಇವುಗಳನ್ನು ಹೆಣೆಯುವ ದಾರವೆಂದರೆ ‘ತೇವ’. ಹದಿನೇಳನೆಯ ಶತಮಾನದ ಪಂಡಿತ ಫೂ ಚಿಂಗ್‌ಚೂವಿನ ಹೆಸರಿನಲ್ಲಿರುವ ಸ್ತ್ರೀವೈದ್ಯ ಗ್ರಂಥವು ಬಿಳುಪಿನ ಪ್ರಕರಣದಿಂದಲೇ ಆರಂಭವಾಗುತ್ತದೆ. ಈ ರೋಗವೆಲ್ಲವೂ ತೇವದ ಫಲವೆಂಬುದು ಅದರ ಮೊದಲ ಪ್ರತಿಜ್ಞೆ.

ಚೀನೀ ವೈದ್ಯದ ‘ಪ್ಲೀಹ’ವು ಶಸ್ತ್ರವೈದ್ಯನು ಕಾಣುವ ಪ್ಲೀಹವಲ್ಲ; ಅನ್ನವನ್ನು ಸಾರವನ್ನಾಗಿ ಮಾಡಿ ಮೇಲಕ್ಕೆ ಕಳುಹುವ ಒಂದು ಶಕ್ತಿ. ದುಡಿಮೆ, ಚಿಂತೆ, ನುಂಗಿಕೊಂಡ ಕೋಪ ಇವುಗಳಿಂದ ಅದು ಬಳಲಿದರೆ ಸಾರವು ತೇವವಾಗಿ ಕೆಳಗಿಳಿಯುತ್ತದೆ. ಸೊಂಟವನ್ನು ಸುತ್ತಿ ಎಲ್ಲವನ್ನೂ ಬಿಗಿದಿರುವ ‘ಒಡ್ಯಾಣನಾಡಿ’ ಆಗ ಸಡಿಲುತ್ತದೆ. ಒದ್ದೆ ಹುಲ್ಲಿನ ಬಣವೆ ಒಳಗೊಳಗೇ ಕಾವೇರುವಂತೆ, ನಿಂತ ತೇವವು ಉಷ್ಣವಾಗುತ್ತದೆ. ಸ್ರಾವವು ಹಳದಿಯಾಗಿ ನಾರುತ್ತದೆ, ಜ್ವರ ಬರುತ್ತದೆ. ರಕ್ತವೂ ಹೆಪ್ಪುಗಟ್ಟಿದರೆ ಒಂದೇ ಎಡೆಯಲ್ಲಿ ಚುಚ್ಚುವ ನೋವು. ಫೂ ಸ್ರಾವವನ್ನು ಬಿಳಿ, ಹಸಿರು, ಹಳದಿ, ಕಪ್ಪು, ಕೆಂಪು ಎಂದು ವಿಂಗಡಿಸಿ ಐದಕ್ಕೂ ಬೇರೆ ಬೇರೆ ಕಷಾಯ ಹೇಳಿದನು. ಬಿಳಿಗೆ ಜಿನ್‌ಸೆಂಗ್ ಮತ್ತು ಗೆಣಸಿನಂಥ ಗೆಡ್ಡೆ ಸೇರಿದ ಪುಷ್ಟಿಯ ಮದ್ದು; ಹಳದಿಗೆ ಉಷ್ಣವನ್ನು ತಣಿಸುವ ಕಹಿ ತೊಗಟೆಯೂ ಕೂಡಿದ ಕಷಾಯ. ಒಂದೇ ಊರಿನ ಇಬ್ಬರು ಹೆಂಗಸರಿಗೆ ಒಂದೇ ನೋವಿಗೆ ಎರಡು ಔಷಧಗಳು ದೊರೆಯುತ್ತಿದ್ದುದು ಹೀಗೆ.

ವೈದ್ಯನು ಇದನ್ನೆಲ್ಲ ತಿಳಿಯುತ್ತಿದ್ದುದು ಮಣಿಕಟ್ಟಿನ ನಾಡಿಯಿಂದ, ನಾಲಗೆಯ ಬಣ್ಣದಿಂದ, ಕೇಳಿದ ಪ್ರಶ್ನೆಗಳಿಂದ. ಕುಲೀನ ಸ್ತ್ರೀಯರು ಪರದೆಯ ಹಿಂದಿನಿಂದ ಕೈಯನ್ನಷ್ಟೇ ಚಾಚುತ್ತಿದ್ದುದುಂಟು. ದಂತದ ಪುಟ್ಟ ಬೊಂಬೆಯ ಮೇಲೆ ನೋವಿನ ಸ್ಥಳವನ್ನು ತೋರಿಸುತ್ತಿದ್ದರೆಂಬ ಸೊಗಸಾದ ಕಥೆಯೂ ಇದೆ. ವಿದ್ವಾಂಸರು ಅದನ್ನು ಅಷ್ಟಾಗಿ ನಂಬುವುದಿಲ್ಲ. ಆದರೆ ತಾನ್ ಯೂನ್‌ಶ್ಯೆನ್ ಕಥೆಯ ಹೆಂಗಸಲ್ಲ. 1461ರಲ್ಲಿ ಹುಟ್ಟಿದ ಈಕೆ ಅಜ್ಜಿಯಿಂದ ವೈದ್ಯವನ್ನು ಕಲಿತು, 1511ರಲ್ಲಿ ತನ್ನ ಅನುಭವದ 31 ರೋಗಿಗಳ ವೃತ್ತಾಂತವನ್ನು ಬರೆದಿಟ್ಟಳು. ಪುರುಷ ವೈದ್ಯನೆದುರು ನಾಲಗೆ ಏಳದ ಹೆಂಗಸರು ಈಕೆಯೆದುರು ತಮ್ಮ ದುಡಿಮೆಯನ್ನೂ ದುಃಖವನ್ನೂ ಹೇಳಿಕೊಂಡರು. ಐದು ಬಣ್ಣಗಳ ಶಾಸ್ತ್ರಕ್ಕಿಂತ ಈ ವಿಶ್ವಾಸವೇ ದೊಡ್ಡ ಮದ್ದಾಗಿದ್ದಿರಬೇಕು.

ಏಕೆಂದರೆ ಈ ರೋಗದಲ್ಲಿ ಮೌನವೇ ಅಪಾಯಕರ. ಗೊನೋರಿಯ, ಕ್ಲಮೈಡಿಯ ಮೊದಲಾದ ರೋಗಾಣುಗಳು ಯೋನಿಯಿಂದ ಮೇಲೇರಿ ಅಂಡನಾಳಗಳಲ್ಲಿ ಗಾಯದ ಕಲೆಯನ್ನು ಉಳಿಸುತ್ತವೆ. ಬಂಜೆತನವೂ, ನಾಳದಲ್ಲಿಯೇ ಗರ್ಭ ನಿಂತು ಪ್ರಾಣಕ್ಕೆರವಾಗುವುದೂ ಆ ಕಲೆಯಿಂದಲೇ. ಕೆಲವೊಮ್ಮೆ ನೋವೇ ಇಲ್ಲದೆ ಇಷ್ಟೂ ನಡೆದುಹೋಗುತ್ತದೆ. ‘ತೇವ’ದ ಸಿದ್ಧಾಂತದಲ್ಲಿ ರೋಗಾಣುವಿಗೂ ಎಡೆಯಿಲ್ಲ, ಗಂಡನಿಗೂ ಎಡೆಯಿಲ್ಲ, ಗಂಡನಿಗೂ ಚಿಕಿತ್ಸೆಯಾಗದಿದ್ದರೆ ವಾಸಿಯಾದವಳಿಗೆ ಸೋಂಕು ಮತ್ತೆ ತಗಲುತ್ತದೆ. ಕಿಬ್ಬೊಟ್ಟೆಯ ನೋವಿನೊಡನೆ ಜ್ವರವೋ ದುರ್ವಾಸನೆಯ ಸ್ರಾವವೋ ಕಂಡರೆ ಒಂದೆರಡು ದಿನ ಕಾದು ನೋಡುವುದೂ ಸಲ್ಲದು. ಸೋಂಕನ್ನು ನೀಗುವುದು ಆಂಟಿಬಯೋಟಿಕ್ ಔಷಧಿ. ಈಚಿನ ಚೀನಾದ ಆಸ್ಪತ್ರೆಗಳೂ ಅದನ್ನು ಕೊಡುತ್ತವೆ. ದೀರ್ಘಕಾಲದ ನೋವಿಗೆ ಅಲ್ಲಿ ಕಷಾಯವನ್ನು ಕುಡಿಸುವುದುಂಟು, ಬಸ್ತಿಯ ರೂಪದಲ್ಲಿ ಕೊಡುವುದೂ ಉಂಟು. ಇವುಗಳಿಂದ ಗುಣ ಕಂಡಿತೆಂಬ ಅಧ್ಯಯನಗಳು ಹಲವು; ಅವುಗಳಲ್ಲಿ ಗಟ್ಟಿಯಾಗಿ ನಿಲ್ಲುವಂಥವು ವಿರಳ.

ಗಿಡಮೂಲಿಕೆಯೆಂದರೆ ನಿರಪಾಯವೆಂದು ತಿಳಿಯುವವರು ಲುಂಗ್‌ದಾನ್ ಶ್ಯೆಗಾನ್ ಗುಳಿಗೆಯ ಸಂಗತಿಯನ್ನು ಕೇಳಬೇಕು. ಹಳದಿ ಸ್ರಾವ, ತುರಿಕೆ ಮೊದಲಾದ ‘ತೇವದ ಉಷ್ಣ’ಕ್ಕೆ ಚೀನಾದಲ್ಲಿ ಬಹುಕಾಲದಿಂದ ಹೆಸರಾದ ಮದ್ದು ಅದು. ಅದಕ್ಕೆ ಸೇರಿಸುತ್ತಿದ್ದ ಗ್ವಾನ್ ಮೂತುಂಗ್ ಎಂಬ ಕಾಂಡವು ನಮ್ಮ ಈಶ್ವರಿಬಳ್ಳಿಯ ಕುಲದ್ದು. ಅದರಲ್ಲಿನ ಆಮ್ಲವು ಮೂತ್ರಪಿಂಡಗಳನ್ನು ಕೆಡಿಸುವುದಲ್ಲದೆ ಮೂತ್ರನಾಳದಲ್ಲಿ ಅರ್ಬುದವನ್ನೂ ತರಬಲ್ಲುದು. ಗುಳಿಗೆ ನುಂಗಿದವರ ಮೂತ್ರಪಿಂಡಗಳು ಸೋತ ಮೇಲೆ, 2003ರಲ್ಲಿ ಚೀನಾ ಸರ್ಕಾರವು ಆ ಬಳ್ಳಿಯನ್ನು ಔಷಧಗಳಿಂದ ತೆಗೆಸಿ, ಬೇರೆ ಕುಲದ ಬಳ್ಳಿಯನ್ನು ಬಳಸುವಂತೆ ಆಜ್ಞೆ ಮಾಡಿತು. ಗುಳಿಗೆ ಈಗಲೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿದೆ.